ಟಿ ಸೈಡ್, ಸಿಟಿ ಸೈಡ್ ಮತ್ತು ನಮ್ಮ ಭಟ್ಕಳ

ಭಾಗ 1/4

ಕೌಂಟರ್-ಸ್ಟ್ರೈಕ್ ಆಡಿದವರಿಗೆ ಒಂದು ಪ್ರಶ್ನೆ. ಆ ಗೇಮಲ್ಲಿ ಕೆಟ್ಟವರು ಯಾರು? "ಟಿ ಸೈಡ್" ಅಂತ ಥಟ್ಟನೆ ಹೇಳ್ತೀರಿ. ಟಿ ಅಂದ್ರೆ ಟೆರರಿಸ್ಟ್, ಸಿಟಿ ಅಂದ್ರೆ ಕೌಂಟರ್-ಟೆರರಿಸ್ಟ್. ಸರಿ, ಹಾಗಾದ್ರೆ ನೀವು ಯಾವ ಸೈಡು? ಈಗ ತಡವರಿಸ್ತೀರಿ. ಯಾಕಂದ್ರೆ ಅರ್ಧ ಮ್ಯಾಚ್ ಆ ಸೈಡು, ಅರ್ಧ ಮ್ಯಾಚ್ ಈ ಸೈಡು. ಈಗಿನ ಕೌಂಟರ್-ಸ್ಟ್ರೈಕ್ 2ರಲ್ಲಿ 12 ರೌಂಡ್ ಆದ ಕೂಡಲೇ ಸೈಡ್ ಬದಲಾಗುತ್ತೆ. ಅದಕ್ಕೂ ಮುಂಚಿನ ಜಿಒದಲ್ಲಿ 15 ರೌಂಡ್ ಆಗಬೇಕಿತ್ತು. ಬಾಂಬ್ ಇಡದೇ ಈ ಗೇಮ್ ಕಲಿತವರು ಯಾರೂ ಇಲ್ಲ.

ಈ ಎರಡು ಹೆಸರು ಎಲ್ಲಿಂದ ಬಂತು ಅನ್ನೋದು ಇವತ್ತಿನ ಕಥೆ. ಉದ್ದ ಇದೆ, ಸೇವ್ ಮಾಡಿ ಇಟ್ಕೊಳ್ಳಿ.

ಭಾಗ 2/4

1999. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮಿನ್ ಲೀ ಅಂತ ಒಬ್ಬ ವಿದ್ಯಾರ್ಥಿ, ವಿಯೆಟ್ನಾಂ ಮೂಲದವನು, ನಮಗಿಂತ ಒಂದೆರಡು ವರ್ಷ ದೊಡ್ಡವನು ಅಷ್ಟೇ. ವಾಲ್ವ್ ಕಂಪನಿಯ ಹಾಫ್-ಲೈಫ್ ಗೇಮ್ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಿನ್ ಲೀ ಮತ್ತು ಅವನ ಗೆಳೆಯ ಜೆಸ್ ಕ್ಲಿಫ್ ಅದನ್ನೇ ಬಿಚ್ಚಿ ಮಾರ್ಪಡಿಸಿ ತಮ್ಮದೇ ಒಂದು ಗೇಮ್ ಕಟ್ಟಿದರು. ಜೂನ್‌ನಲ್ಲಿ ಮೊದಲ ಬೀಟಾ ಬಂತು, ಪುಕ್ಕಟೆ. ರೌಂಡ್ ಮುಗಿದಾಗ "ಟೆರರಿಸ್ಟ್ಸ್ ವಿನ್" ಅಂತ ಕೇಳುತ್ತಲ್ಲ, ಆ ದನಿ ಜೆಸ್ ಕ್ಲಿಫ್‌ನದ್ದೇ.

ಜನ ಮುಗಿಬಿದ್ದರು. ವಾಲ್ವ್ ಇಬ್ಬರನ್ನೂ ಸೇರಿಸಿಕೊಂಡು ನವೆಂಬರ್ 2000ದಲ್ಲಿ ಅದನ್ನು ಅಂಗಡಿಗೆ ತಂತು. ಡಸ್ಟ್2 ಮ್ಯಾಪ್ 2001ರದ್ದು. ಅದನ್ನು ಮಾಡಿದ ಡೇವ್ ಜಾನ್‌ಸ್ಟನ್ ಆಗ ಇಂಗ್ಲೆಂಡಿನಲ್ಲಿ ಇನ್ನೂ ಓದುತ್ತಿದ್ದ ಹುಡುಗ. ನೋಡಿ, ಬುಡದಿಂದ ತುದಿಯವರೆಗೆ ವಿದ್ಯಾರ್ಥಿಗಳ ಕೆಲಸ ಇದು. (ನಾವು ಇಲ್ಲಿ ಕಾಸ್ಟ್ ಅಕೌಂಟಿಂಗ್ ಅಸೈನ್ಮೆಂಟ್ ಕಾಪಿ ಹೊಡೀತಿದ್ದೀವಿ, ಇರಲಿ.)

ಸಿಟಿ ಸೈಡಿಗೆ ಅವರು ನಿಜವಾದ ಪಡೆಗಳ ಹೆಸರು ಕೊಟ್ಟರು: ಅಮೆರಿಕದ ಸೀಲ್, ಬ್ರಿಟನ್ನಿನ ಎಸ್ಎಎಸ್, ಜರ್ಮನಿಯ ಜಿಎಸ್‌ಜಿ-9, ಫ್ರಾನ್ಸಿನ ಜಿಐಜಿಎನ್. ಟಿ ಸೈಡಿನ ಗುಂಪುಗಳು ಮಾತ್ರ ಕಲ್ಪನೆಯವು. ಅದರಲ್ಲಿ ಒಂದು ಗುಂಪನ್ನು ಮಧ್ಯಪ್ರಾಚ್ಯದ ಮತಾಂಧರು ಅಂತಲೇ ವರ್ಣಿಸಿದ್ದರು. ಬಾಂಬ್ ಇಡೋ ಜಾಗ ಮರಳು ಬಣ್ಣದ ಗೋಡೆ, ಕಮಾನು ಬಾಗಿಲು. ಇದೆಲ್ಲ ಆಗಿದ್ದು 2001ರ ಸೆಪ್ಟೆಂಬರ್ 11ಕ್ಕಿಂತ ಮುಂಚೆ. ಒಳ್ಳೆಯವರಿಗೆ ದೇಶ ಇದೆ, ಕೆಟ್ಟವರಿಗೆ ಮುಖಚಹರೆ ಮಾತ್ರ ಇದೆ. ದ್ವೇಷದಿಂದ ಮಾಡಿದ್ದು ಅಂತ ನನಗೆ ಅನ್ನಿಸಲ್ಲ, ಆ ಕಾಲದ ಹಾಲಿವುಡ್ ಸಿನಿಮಾ ನೋಡಿ ಬೆಳೆದವರು ಅವರು. ಆದ್ರೆ ಹೆಸರು ಒಮ್ಮೆ ಅಂಟಿದ ಮೇಲೆ ಅಂಟಿತು.

ಭಾಗ 3/4

ನಮ್ಮ ಕಡೆಗೆ ಇದು ಬಂದಿದ್ದು 1.6 ರೂಪದಲ್ಲಿ. ಅದು 2003ರ ಆವೃತ್ತಿ. ಹಳೇ ಡಬ್ಬಾ ಕಂಪ್ಯೂಟರಲ್ಲೂ ಓಡುತ್ತಿತ್ತು. ಐದಾರು ಮಷಿನ್ ವೈರಿನಲ್ಲಿ ಜೋಡಿಸಿದರೆ ಸಾಕು, ಹೊರಗಿನ ಇಂಟರ್ನೆಟ್ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಲೈನ್ ಹೋಗುವ ಊರಿಗೆ ಇದಕ್ಕಿಂತ ಒಳ್ಳೇ ಗೇಮ್ ಎಂತ ಬೇಕು ಮಾರಾಯ್ರೆ? ಕುಮಟಾದಲ್ಲಿರುವ ನನ್ನ ದೊಡ್ಡಮ್ಮನ ಮಗ ಸೈಬರ್ ಕೆಫೆ ಕಾಲದವನು. ಟ್ಯೂಷನ್ ದುಡ್ಡು ಹೇಗೆ ಗಂಟೆ ಲೆಕ್ಕದಲ್ಲಿ ಕರಗಿತು ಅಂತ ಈಗಲೂ ನಗ್ತಾ ಹೇಳ್ತಾನೆ. ಬಿಕಾಂನವರೇ, ಕೇಳಿ: ಪಿಸ್ತೂಲ್ ರೌಂಡಿಗೆ 800 ಡಾಲರ್, ಸೋತರೆ ಬೋನಸ್, ದುಡ್ಡಿಲ್ಲದಾಗ ಇಕೋ ರೌಂಡ್. ಬಜೆಟಿಂಗ್ ಚಾಪ್ಟರ್ ಅವನಿಗೆ ಅಲ್ಲೇ ಮುಗಿದಿತ್ತು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆ ನಿಯಮ ತಂತು. ಬಂದವರು ಗುರುತಿನ ಚೀಟಿ ತೋರಿಸಬೇಕು, ರಿಜಿಸ್ಟರನ್ನು ಕನಿಷ್ಠ ಒಂದು ವರ್ಷ ಇಡಬೇಕು, ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿ ದಾಟಬಾರದು. ಚೀಟಿ ಇಲ್ಲದ ಚಿಕ್ಕವರ ಜೊತೆ ದೊಡ್ಡವರು ಇರಬೇಕು. ಆಮೇಲೆ ಸೆಪ್ಟೆಂಬರ್ 2016ರಲ್ಲಿ ಜಿಯೋ ಬಂತು, ಪಬ್‌ಜಿ ಬಂತು, ಸೆಪ್ಟೆಂಬರ್ 2, 2020ಕ್ಕೆ ಪಬ್‌ಜಿ ಹೋಯ್ತು. ಅದು ನಿಮಗೆಲ್ಲ ಗೊತ್ತಿರೋ ಕಥೆ.

ಈಗ ಯಾರೂ ಪಕ್ಕದ ಕುರ್ಚಿಯವನ ಜೊತೆ ಆಡಲ್ಲ. ಮುಂಬೈ ಸರ್ವರಿನಲ್ಲಿ ಗುರುತಿಲ್ಲದ ನಾಲ್ವರ ಜೊತೆ ಸೇರ್ತೀವಿ. ಮೈಕ್ ಆನ್ ಆದ ಮೇಲೆ ಬರೋ ಮೊದಲ ಪ್ರಶ್ನೆ "ಭಾಯ್, ಕಹಾಂ ಸೇ?"

ಹೊನ್ನಾವರ ಅಂತ ನಾನು ಹೇಳಿದ್ರೆ ಯಾರಿಗೂ ಗೊತ್ತಿಲ್ಲ, ಮುಂದೆ ಹೋಗ್ತಾರೆ. ನನ್ನ ಭಟ್ಕಳದ ಕ್ಲಾಸ್‌ಮೇಟ್ ಊರಿನ ಹೆಸರು ಹೇಳಿದ್ರೆ ಒಂದು ಕ್ಷಣ ಮೌನ, ಆಮೇಲೆ ನಗು, ಆಮೇಲೆ "ತೂ ತೋ ಪರ್ಮನೆಂಟ್ ಟಿ ಸೈಡ್". ಕೆಲವರ ಹೆಸರಿನ ಹಿಂದೆ ಊರಿನ ಹೆಸರು ಸೇರಿ ವರ್ಷಗಟ್ಟಲೆ ಟಿವಿಯಲ್ಲಿ ಬಂದಿದ್ದಕ್ಕೆ, ಆಗ ಪ್ರೈಮರಿ ಶಾಲೆಯಲ್ಲಿದ್ದವನು ಈಗ ಉತ್ತರ ಕೊಡಬೇಕು. ಅವನು ಈಗ "ಮುರ್ಡೇಶ್ವರ" ಅಂತಾನೆ. ಮುರ್ಡೇಶ್ವರ ಇರೋದೂ ಭಟ್ಕಳ ತಾಲೂಕಲ್ಲೇ, ಪಾಪ ಅವರಿಗೆಲ್ಲಿ ಗೊತ್ತು.

ನನಗೆ ಸಿಟ್ಟು ಬರೋದು ಇಲ್ಲಿ. ಹಾಗೆ ನಕ್ಕವನೂ ಹತ್ತು ನಿಮಿಷದ ಹಿಂದೆ ಬಿ ಸೈಟಲ್ಲಿ ಬಾಂಬ್ ಇಟ್ಟು ಕುಣಿದಿದ್ದ.

ಭಾಗ 4/4

ಭಟ್ಕಳ ಅಂದ್ರೆ ಏನು ಅಂತ ಲಾಬಿಯಲ್ಲಿ ಹೇಳೋಕೆ 15 ಸೆಕೆಂಡ್ ಬೈ ಟೈಮಲ್ಲಿ ಆಗಲ್ಲ, ಇಲ್ಲಿ ಹೇಳ್ತೀನಿ. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆ ಇಳಿಯುತ್ತಿದ್ದ ಬಂದರು ಅದು. ಹಾರ್ಮುಜ್ ಕಡೆಯ ಹಡಗು ಇಲ್ಲಿಗೆ ಬರುತ್ತಿತ್ತು, ನಮ್ಮ ಕಾಳುಮೆಣಸು ಆ ಕಡೆ ಹೋಗುತ್ತಿತ್ತು. ನವಾಯತರ ಮನೆಗಳು, ಅವರ ಭಾಷೆ, ಅವರ ಬಿರಿಯಾನಿ ಎಲ್ಲ ಆ ಸಮುದ್ರದ ದಾರಿಯ ನಂಟು. ಅದೇ ಪೇಟೆಯಲ್ಲಿ ಕಲ್ಲಿನ ಜೈನ ಬಸದಿ ಇದೆ, ಕೇತಪೈ ನಾರಾಯಣ ದೇವಸ್ಥಾನ ಇದೆ. ಬಸ್ಸಲ್ಲಿ ಹೋದ್ರೆ ಹೊನ್ನಾವರದಿಂದ ಒಂದು ತಾಸು, ಹೋಗಿ ನೋಡಿ.

ಜೂನ್ 2020ರಲ್ಲಿ ರಯಟ್ ಕಂಪನಿ ವ್ಯಾಲೊರಂಟ್ ತಂತು. ಐದು ಜನ ಎದುರು ಐದು ಜನ, ಬಾಂಬ್ ಇಡೋದು, ತೆಗೆಯೋದು, ಗನ್ ಕೊಳ್ಳೋಕೆ ದುಡ್ಡು, ಎಲ್ಲ ಕೌಂಟರ್-ಸ್ಟ್ರೈಕ್ ಲೆಕ್ಕವೇ. ಬಾಂಬಿನ ಹೆಸರು ಮಾತ್ರ ಸ್ಪೈಕ್. ಸೈಡುಗಳ ಹೆಸರು ಅಟ್ಯಾಕರ್ಸ್, ಡಿಫೆಂಡರ್ಸ್. ಆಟದ ಮಜಾ ಒಂದು ಚೂರೂ ಕಮ್ಮಿ ಆಗಿಲ್ಲ, ಅಂದ್ರೆ ಆ ಹಳೇ ಹೆಸರು ಬೇಕೇ ಇರಲಿಲ್ಲ. ಸೆಪ್ಟೆಂಬರ್ 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಸ ಹೊಗೆ, ಹೊಸ ಬೆಳಕು, ಹೊಸ ನೀರು ಎಲ್ಲ ಇದೆ. ಸೈಡುಗಳ ಹೆಸರು ಮಾತ್ರ 1999ರದ್ದೇ.

ನಿಮ್ಮ ಮನೆಯ ಅಣ್ಣಂದಿರು ಕುಮಟಾ, ಹೊನ್ನಾವರ, ಭಟ್ಕಳದ ಯಾವ ಕೆಫೆಯಲ್ಲಿ 1.6 ಆಡ್ತಿದ್ರು ಅಂತ ಕೇಳಿ ಕಾಮೆಂಟಲ್ಲಿ ಬರೀರಿ. ಮುಚ್ಚಿ ಹೋದ ಅಂಗಡಿಗಳ ಫೋಟೋ ಇದ್ರೆ ಕಳಿಸಿ, ಮುಂದಿನ ಸರಣಿಗೆ ಬೇಕು.

#ಭಟ್ಕಳ #ಹೊನ್ನಾವರ #ಕುಮಟಾ #ಕೌಂಟರ್‌ಸ್ಟ್ರೈಕ್ #ನಮ್ಮಕರಾವಳಿ