ಬೌದ್ಧರ ಕರ್ಮವಿಚಾರವೂ ಮನೆಯ ಕ್ರಿಮಿಕೀಟಗಳೂ

ಮಂಚವನ್ನು ಅಂಗಳಕ್ಕೆ ತಂದು, ಅದರ ಸಂದುಗಳಿಗೆ ಕುದಿಯುವ ನೀರನ್ನು ಹೊಯ್ದು ತಿಗಣೆಗಳನ್ನು ಕೊಲ್ಲುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಕೆಲಸ. ಇದನ್ನು ಪ್ರಾಣಿವಧೆಯೆಂದು ಎಣಿಸುವವರು ವಿರಳ. ಆದರೆ ವಿನಯಪಿಟಕಕ್ಕೆ ಬುದ್ಧಘೋಷಾಚಾರ್ಯನು ಕ್ರಿ. ಶ. 5ನೆಯ ಶತಮಾನದಲ್ಲಿ ಸಿಂಹಳದ್ವೀಪದಲ್ಲಿ ರಚಿಸಿದನೆಂದು ಪರಂಪರೆಯು ಹೇಳುವ ‘ಸಮಂತಪಾಸಾದಿಕಾ’ ಎಂಬ ವ್ಯಾಖ್ಯಾನದಲ್ಲಿ ಈ ಮಂಚದ ಪ್ರಸ್ತಾಪವೇ ಬಂದಿದೆ. ಭಿಕ್ಷುವು ಮಂಚವನ್ನೋ ಪೀಠವನ್ನೋ ಶುಚಿಮಾಡುವಾಗ, ಇದು ಜೀವವೆಂಬ ಅರಿವಿದ್ದೂ ಕರುಣೆಯಿಲ್ಲದೆ ತಿಗಣೆಯ ಮೊಟ್ಟೆಯನ್ನು ಒಡೆದು ತೆಗೆದರೆ ಅವನಿಗೆ ‘ಪಾಚಿತ್ತಿಯ’ವೆಂಬ ದೋಷವು ತಗಲುವುದೆಂದು ವ್ಯಾಖ್ಯಾನಕಾರನು ತಿಳಿಸುತ್ತಾನೆ. ಈ ಮಾತಿನಲ್ಲಿ ಮೊಟ್ಟೆಗಿಂತಲೂ ನಾವು ಹೆಚ್ಚಾಗಿ ಗಮನಿಸಬೇಕಾದವು ಎರಡು ವಿಶೇಷಣಗಳು: ಅರಿವಿದ್ದು, ಮತ್ತು ಕರುಣೆಯಿಲ್ಲದೆ. ಬೌದ್ಧರ ಕರ್ಮವಿಚಾರವೆಲ್ಲವೂ ಇವುಗಳ ಸುತ್ತಲೇ ತಿರುಗುತ್ತದೆ.

ಮೂಲನಿಯಮವು ಪಾಚಿತ್ತಿಯಗಳಲ್ಲಿ 61ನೆಯದು. ಹಿಂದೆ ಬಿಲ್ಲುಗಾರನಾಗಿದ್ದ ಉದಾಯಿಯೆಂಬ ಭಿಕ್ಷುವಿಗೆ ಕಾಗೆಗಳೆಂದರೆ ಆಗದು. ಅವನು ಅವುಗಳನ್ನು ಬಾಣದಿಂದ ಹೊಡೆದು ತಲೆಗಳನ್ನು ಶೂಲಕ್ಕೆ ಚುಚ್ಚಿಟ್ಟನು. ಆ ಸಂದರ್ಭದಲ್ಲಿ, ಬುದ್ಧಿಪೂರ್ವಕವಾಗಿ ಪ್ರಾಣಿಯ ಜೀವವನ್ನು ತೆಗೆಯುವುದು ದೋಷವೆಂದು ವಿಧಿಸಲಾಯಿತು. ಮನುಷ್ಯವಧೆಗೆ ಸಂಘದಿಂದ ಶಾಶ್ವತವಾದ ಬಹಿಷ್ಕಾರ. ಪ್ರಾಣಿವಧೆಗಾದರೋ ಮತ್ತೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಂಡು ಪರಿಹರಿಸಿಕೊಳ್ಳಬಹುದಾದ ದೋಷ. ಅಂತರವು ಬಹು ದೊಡ್ಡದು. ಆದರೆ ಪ್ರಾಣಿಗಳೊಳಗೆ ಆನೆಗೂ ಇರುವೆಗೂ ವಿನಯದ ದೃಷ್ಟಿಯಲ್ಲಿ ದೋಷದ ಹೆಸರು ಒಂದೇ. ಪಾಪದ ಭಾರದಲ್ಲಿ ಮಾತ್ರ ಹೆಚ್ಚುಕಡಮೆಯುಂಟು. ದೊಡ್ಡ ಪ್ರಾಣಿಯನ್ನು ಕೊಲ್ಲಲು ಪ್ರಯತ್ನವು ಹೆಚ್ಚು ಬೇಕು. ಪ್ರಯತ್ನವು ಹೆಚ್ಚಿದಂತೆ ಪಾಪವೂ ಹೆಚ್ಚುವುದೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಅವರು ಕೊಲೆಗೆ ಐದು ಅಂಗಗಳನ್ನೂ ಎಣಿಸಿದರು. ಎದುರಿಗೆ ಜೀವಿಯಿರಬೇಕು, ಅದು ಜೀವಿಯೆಂಬ ಅರಿವಿರಬೇಕು, ಕೊಲ್ಲುವ ಚಿತ್ತವಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ಜೀವಿಯು ಸಾಯಬೇಕು. ಕತ್ತಲೆಯಲ್ಲಿ ಕಾಲ ಕೆಳಗೆ ಸಿಕ್ಕಿದ ಇರುವೆಯ ವಿಷಯದಲ್ಲಿ ಎರಡನೆಯ ಮತ್ತು ಮೂರನೆಯ ಅಂಗಗಳೇ ಇಲ್ಲ.

ಈ ಚೇತನಾವಾದವು ಪ್ರತಿಪಕ್ಷವಿಲ್ಲದೆ ಬೆಳೆದುದಲ್ಲ. ಮಜ್ಝಿಮನಿಕಾಯದ ಉಪಾಲಿಸೂತ್ರದಲ್ಲಿ, ನಾಳಂದೆಯ ಗೃಹಪತಿ ಉಪಾಲಿಯು ನಿರ್ಗ್ರಂಥರ ಪಕ್ಷವನ್ನು ಹಿಡಿದು ಬುದ್ಧನೊಡನೆ ವಾದಕ್ಕೆ ಬರುತ್ತಾನೆ. ಕಾಯದಿಂದಾದ ಕರ್ಮವೇ ಪ್ರಬಲವೆಂಬುದು ಅವನ ಪಕ್ಷ. ಅದಕ್ಕೆ ಬುದ್ಧನು, ಎಷ್ಟೇ ಎಚ್ಚರಿಕೆಯುಳ್ಳ ನಿರ್ಗ್ರಂಥನಾದರೂ ಹೋಗುತ್ತ ಬರುತ್ತ ಅನೇಕ ಸೂಕ್ಷ್ಮಜೀವಿಗಳನ್ನು ತುಳಿಯುವನಷ್ಟೆ, ಅದಕ್ಕೆ ನಿಮ್ಮ ಗುರುವು ಏನು ಫಲ ಹೇಳುತ್ತಾನೆ ಎಂದು ಕೇಳುತ್ತಾನೆ. ಬುದ್ಧಿಪೂರ್ವಕವಲ್ಲದ್ದರಿಂದ ದೊಡ್ಡ ದೋಷವಿಲ್ಲವೆಂದು ಉಪಾಲಿಯು ಒಪ್ಪಿಕೊಂಡಾಗ ವಾದವು ಬಹುಮಟ್ಟಿಗೆ ಮುಗಿದೇ ಹೋಗುತ್ತದೆ. ಇದು ಬೌದ್ಧರು ಬರೆದಿಟ್ಟ ವಾದವೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಜೈನರ ಸೂತ್ರಕೃತಾಂಗದಲ್ಲಿ ಪರಿಹಾಸವು ತಿರುಗಿ ಬಿದ್ದಿದೆ. ಮನುಷ್ಯನನ್ನು ಹಿಂಡಿಯ ಮುದ್ದೆಯೆಂದು ಭ್ರಮಿಸಿ ಸುಟ್ಟವನಿಗೂ ಪಾಪವಿಲ್ಲವೆಂಬ ಸಿದ್ಧಾಂತ ಇವರದು, ಎಂದು ಅಲ್ಲಿ ಬೌದ್ಧರನ್ನು ಚುಚ್ಚಲಾಗಿದೆ. ಎಚ್ಚರದಿಂದ ನಡೆಯುವವನಿಗೆ ಪಾಪವು ಅಂಟದೆಂಬ ಮಾತು ಜೈನರ ದಶವೈಕಾಲಿಕದಲ್ಲಿಯೂ ಉಂಟು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ಕುಟುಂಬಗಳನ್ನು ಬಲ್ಲ ಕನ್ನಡಿಗರಿಗೆ, ಎರಡು ಮತಗಳ ನಡುವಣ ದೂರವು ವಾದದಲ್ಲಿ ಕಾಣುವಷ್ಟು ಆಚಾರದಲ್ಲಿ ಇಲ್ಲವೆಂಬುದು ತಾನಾಗಿ ತೋರೀತು.

ಅತಿ ಸ್ವಾರಸ್ಯವಾದುದು ಬೆಂಕಿಯ ದೃಷ್ಟಾಂತ. ತಿಳಿಯದೆ ಮುಟ್ಟಿದರೂ ಬೆಂಕಿ ಸುಡುವುದಿಲ್ಲವೆ, ಹಾಗೆಯೇ ತಿಳಿಯದೆ ಮಾಡಿದ ಕೊಲೆಯೂ ಸುಡುವುದೆಂಬುದು ನಿರ್ಗ್ರಂಥರ ಆಕ್ಷೇಪವೆಂದು ವಸುಬಂಧುವು ಅಭಿಧರ್ಮಕೋಶದ ಭಾಷ್ಯದಲ್ಲಿ ಎತ್ತಿಕೊಂಡಿದ್ದಾನೆ. ಹಾಗಾದರೆ ಇನ್ನೊಬ್ಬನ ಕೈಯಿಂದ ಬೆಂಕಿಯನ್ನು ಮುಟ್ಟಿಸಿದವನಿಗೆ ಸುಡುವುದಿಲ್ಲವಾದ್ದರಿಂದ, ಇನ್ನೊಬ್ಬನಿಂದ ಕೊಲ್ಲಿಸಿದವನಿಗೂ ಪಾಪವಿರಲಾರದಲ್ಲ, ಎಂದು ಅವನ ಉತ್ತರ. ಆದರೆ ಇದೇ ಬೆಂಕಿ ‘ಮಿಲಿಂದಪ್ರಶ್ನ’ದಲ್ಲಿ ಬೌದ್ಧನ ಬಾಯಿಂದಲೇ ಬರುತ್ತದೆ. ತಿಳಿದು ಪಾಪಮಾಡಿದವನಿಗೆ ಹೆಚ್ಚೋ, ತಿಳಿಯದೆ ಮಾಡಿದವನಿಗೆ ಹೆಚ್ಚೋ ಎಂದು ಯವನರಾಜನಾದ ಮಿಲಿಂದನು ಕೇಳಲು, ತಿಳಿಯದವನಿಗೇ ಹೆಚ್ಚೆಂದು ನಾಗಸೇನನು ಹೇಳಿ, ಕಾದ ಕಬ್ಬಿಣದ ಗುಂಡನ್ನು ಅರಿಯದೆ ಹಿಡಿದವನ ಕೈ ಹೆಚ್ಚು ಬೇಯುವುದನ್ನು ದೃಷ್ಟಾಂತವಾಗಿ ಕೊಡುತ್ತಾನೆ. ವಿರೋಧವು ಸ್ಪಷ್ಟವಾಗಿ ತೋರುತ್ತದೆ. ನಾಗಸೇನನ ಮಾತಿನ ‘ತಿಳಿಯದವನು’ ಹುಳುವನ್ನು ಕಾಣದವನಲ್ಲ, ಹುಳುವನ್ನು ಕೊಲ್ಲುವುದು ಕೆಡುಕೆಂಬುದನ್ನು ಕಾಣದವನು ಎಂದು ಅರ್ಥಮಾಡಿದರೆ ಮಾತ್ರ ಇದು ಸರಿಹೊಂದುತ್ತದೆ. ಅಂಥವನು ಅಳುಕಿಲ್ಲದೆ ಪೂರ್ಣ ಬಲದಿಂದ ಕೊಲ್ಲುವನಾದ್ದರಿಂದ ಅವನ ಕೈ ಹೆಚ್ಚು ಬೇಯುತ್ತದೆ. ನಮಗೆ ಇದೇ ಸಮಂಜಸವಾದ ಅರ್ಥವೆಂದು ತೋರುತ್ತದೆ.

ಧಮ್ಮಪದದ ಅಟ್ಠಕಥೆಯ ಮೊದಲನೆಯ ಕಥೆ ಇದನ್ನೇ ಇನ್ನೊಂದು ಬಗೆಯಾಗಿ ತಿಳಿಸುತ್ತದೆ. ಕುರುಡನಾದ ಚಕ್ಖುಪಾಲ ಸ್ಥವಿರನು ಮಳೆ ಬಿದ್ದ ರಾತ್ರಿ ಜೇತವನದಲ್ಲಿ ಚಂಕ್ರಮಣ ಮಾಡುತ್ತಿರಲು, ನೆಲದಿಂದ ಎದ್ದುಬಂದ ಇಂದ್ರಗೋಪಗಳು ಅವನ ಕಾಲಡಿಯಲ್ಲಿ ಸತ್ತವು. ಬೆಳಗ್ಗೆ ಅದನ್ನು ಕಂಡ ಭಿಕ್ಷುಗಳು ದೂರುಕೊಟ್ಟರು. ಅವನು ಕೊಲ್ಲುವುದನ್ನು ನೀವು ಹೇಗೆ ನೋಡಲಿಲ್ಲವೋ, ಹಾಗೆಯೇ ಅವನೂ ಆ ಹುಳುಗಳನ್ನು ನೋಡಲಿಲ್ಲ ಎಂದು ಬುದ್ಧನು ಅವರನ್ನು ಸಂತೈಸಿದನು. ಈ ಅರ್ಧವನ್ನು ಹೇಳುವವರು ಬಹಳ ಮಂದಿ. ಉಳಿದ ಅರ್ಧದಲ್ಲಿ ಸ್ಥವಿರನ ಕುರುಡಿಗೆ ಕಾರಣವಿದೆ: ಹಿಂದಿನ ಜನ್ಮದಲ್ಲಿ ಅವನು ವೈದ್ಯನಾಗಿದ್ದು, ಒಬ್ಬ ಹೆಂಗಸಿನ ಕಣ್ಣಿಗೆ ಬೇಕೆಂದೇ ಕೆಟ್ಟ ಮದ್ದನ್ನು ಹಾಕಿದ್ದನು. ಕಾಲಿನಿಂದ ಸತ್ತ ಹುಳುಗಳು ಅವನನ್ನು ಹಿಂಬಾಲಿಸಲಿಲ್ಲ. ಮನಸ್ಸಿನಿಂದ ಹುಟ್ಟಿದ ಆ ಮದ್ದು ಜನ್ಮಾಂತರಕ್ಕೂ ಹಿಂಬಾಲಿಸಿತು.

ಚೇತನೆಯೇ ಪ್ರಧಾನವೆಂದ ಮೇಲೆ, ‘ನನ್ನ ಮನಸ್ಸಿನಲ್ಲಿ ಹಿಂಸೆಯಿರಲಿಲ್ಲ’ ಎಂಬ ನೆಪಕ್ಕೆ ಬಾಗಿಲು ತೆರೆದಂತಾಗಲಿಲ್ಲವೆ? ಈ ಅಪಾಯವು ವಿನಯಧರರಿಗೆ ತಿಳಿದೇ ಇದ್ದಿತೆಂದು ಅವರ ನಿಯಮಗಳಿಂದ ಊಹಿಸಬಹುದು. ಕೊಲ್ಲುವ ಪ್ರಸಂಗವೇ ಒದಗದಂತೆ ಅವರು ಮನೆಯನ್ನು ಅಣಿಮಾಡಿದರು. ಚುಲ್ಲವಗ್ಗದಲ್ಲಿ ಸೊಳ್ಳೆಗಳ ಕಾಟಕ್ಕೆ ಸೊಳ್ಳೆಯ ಪರದೆಯನ್ನೂ ಸೊಳ್ಳೆ ಓಡಿಸುವ ಬೀಸಣಿಗೆಯನ್ನೂ ಅನುಮತಿಸಲಾಗಿದೆ. ಚಮರೀಮೃಗದ ಬಾಲದ ಚಾಮರವು ಕೂಡದು. ನಾರು, ಲಾವಂಚ, ನವಿಲುಗರಿ ಇವುಗಳ ಬೀಸಣಿಗೆಯಾಗಬಹುದು. (ಸೊಳ್ಳೆಗೂ ಮಲೇರಿಯಾ ಜ್ವರಕ್ಕೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು 1897ರಲ್ಲಿ. ಆ ಪರದೆಯು ಭಿಕ್ಷುಗಳಿಗೆ ನಿದ್ರೆಯನ್ನಲ್ಲದೆ ಇನ್ನೇನನ್ನು ಕಾಪಾಡಿಕೊಟ್ಟಿತೆಂಬುದು ಅಲ್ಲಿಯ ತನಕ ಯಾರಿಗೂ ತಿಳಿದಿರಲಿಲ್ಲ.) ಕುಟಿಯನ್ನು ಕಟ್ಟುವ ಮೊದಲು ನಿವೇಶನವನ್ನು ಭಿಕ್ಷುಗಳಿಗೆ ತೋರಿಸಬೇಕು, ಅಲ್ಲಿ ಇರುವೆ, ಗೆದ್ದಲು, ಇಲಿ, ಹಾವುಗಳ ವಾಸವಿಲ್ಲವೆಂದು ಅವರು ನೋಡಬೇಕು. ನೀರನ್ನು ಸೋಸುವ ಬಟ್ಟೆಯು ಭಿಕ್ಷುವಿಗೆ ಅವಶ್ಯವಾದ ಸಾಮಗ್ರಿಗಳಲ್ಲೊಂದು. 7ನೆಯ ಶತಮಾನದಲ್ಲಿ ನಾಳಂದೆಯಲ್ಲಿ ಓದಿದ ಚೀನೀ ಯಾತ್ರಿಕ ಇತ್ಸಿಂಗನು ಈ ಸೋಸುವಿಕೆಯ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಈ ಸೋಸುಬಟ್ಟೆಯ ವಿಷಯದಲ್ಲೇ ಒಂದು ಮರಣವೂ ನಡೆದುದಾಗಿ ವಿನಯವು ತಿಳಿಸುತ್ತದೆ. ಕೋಸಲದೇಶದ ದಾರಿಯಲ್ಲಿ ಇಬ್ಬರು ಭಿಕ್ಷುಗಳು ಹೋಗುತ್ತಿದ್ದರು. ಒಬ್ಬನು ಅನಾಚಾರ ಮಾಡಿದಾಗ ಇನ್ನೊಬ್ಬನು ಬುದ್ಧಿ ಹೇಳಿದ್ದರಿಂದ ಮನಸ್ಸು ಕೆಟ್ಟಿದ್ದಿತು. ಮುಂದೆ ಬುದ್ಧಿ ಹೇಳಿದವನಿಗೆ ಬಾಯಾರಿಕೆಯಾಗಿ, ಸೋಸುಬಟ್ಟೆಯನ್ನು ಕೊಡೆಂದು ಕೇಳಿದನು. ಅದನ್ನಿಟ್ಟುಕೊಂಡಿದ್ದವನು ಕೊಡಲಿಲ್ಲ. ಬಾಯಾರಿದವನು ಸತ್ತನು. ಕೇಳಿದವನಿಗೆ ಬಟ್ಟೆಯನ್ನು ಕೊಡದಿರಕೂಡದು, ಬಟ್ಟೆಯಿಲ್ಲದವನು ಉತ್ತರೀಯದ ಸೆರಗಿನಿಂದಲಾದರೂ ಸೋಸಿ ಕುಡಿಯಲಿ ಎಂದು ಬುದ್ಧನು ವಿಧಿಸಿದನು. ನೀರಿನ ಹುಳುಗಳನ್ನು ಉಳಿಸುವ ಬಟ್ಟೆಯನ್ನು ಕೈಯಲ್ಲಿಟ್ಟುಕೊಂಡೇ ಜೊತೆಗಾರನನ್ನು ಸಾಯಗೊಟ್ಟವನ ಕಥೆಯನ್ನು ಸಂಘವು ಮುಚ್ಚಿಡದೆ ನಿಯಮದ ಪಕ್ಕದಲ್ಲಿಯೇ ಇಟ್ಟುಕೊಂಡಿತು.

ಇದೆಲ್ಲವೂ ಭಿಕ್ಷುಗಳ ಮಾತಾಯಿತು. ಗೃಹಸ್ಥನ ಗತಿಯೇನು? ಅಶೋಕನು ಪಟ್ಟಾಭಿಷಿಕ್ತನಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ, ಜೀವಿಗಳಿರುವ ಹೊಟ್ಟನ್ನು ಸುಡಕೂಡದೆಂಬ ಆಜ್ಞೆಯಿದೆ. ಕಣದ ಬದಿಯ ಹೊಟ್ಟಿನೊಳಗಿನ ಹುಳುವನ್ನೂ ಚಕ್ರವರ್ತಿಯೊಬ್ಬನು ಲೆಕ್ಕಕ್ಕೆ ತೆಗೆದುಕೊಂಡುದು ಅಪೂರ್ವವೇ ಸರಿ. ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದ ಅವನ ಶಾಸನದಲ್ಲಿಯೂ ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯಿರಬೇಕೆಂಬ ಬೋಧೆಯುಂಟು. ಹೊಟ್ಟಿನಂಥ ವಿವರಗಳು ಮಾತ್ರ ಇಲ್ಲ. ಸಣ್ಣ ಪಾಪದ ಫಲವು ಎಲ್ಲರಿಗೂ ಒಂದೇ ಅಲ್ಲವೆಂಬ ಸಮಾಧಾನವೂ ಗೃಹಸ್ಥನಿಗುಂಟು. ಒಂದು ಹರಳು ಉಪ್ಪು ಬಟ್ಟಲ ನೀರನ್ನು ಕೆಡಿಸೀತು, ಗಂಗೆಯನ್ನು ಕೆಡಿಸಲಾರದು ಎಂಬ ಉಪಮೆಯನ್ನು ಅಂಗುತ್ತರನಿಕಾಯವು ಕೊಟ್ಟಿದೆ.

ಆದರೆ ಆಳವಿಯ ರೇಷ್ಮೆಯವರಿಗೆ ಈ ಸಮಾಧಾನ ಸಾಲದು. ಕೆಲವರು ಭಿಕ್ಷುಗಳು ಅವರ ಬಳಿಗೆ ಹೋಗಿ, ಹೆಚ್ಚು ಗೂಡುಗಳನ್ನು ಬೇಯಿಸಿ ನಮಗೂ ಕೊಡಿ, ರೇಷ್ಮೆ ಬೆರಸಿದ ಹಾಸನ್ನು ಮಾಡಿಸಬೇಕೆಂದಿದ್ದೇವೆ ಎಂದು ಬೇಡಿದರು. ಹೆಂಡಿರು ಮಕ್ಕಳ ಹೊಟ್ಟೆಪಾಡಿಗಾಗಿ ಇಷ್ಟೊಂದು ಸಣ್ಣ ಜೀವಗಳನ್ನು ಕೊಲ್ಲಬೇಕಾಗಿ ಬಂದುದು ನಮ್ಮ ದೌರ್ಭಾಗ್ಯವೆಂದು ಆ ಕೆಲಸಗಾರರು ಗೊಣಗಿದರು. ಆ ಗೊಣಗಾಟವು ಬುದ್ಧನ ಕಿವಿಗೆ ಬಿದ್ದು, ಅಂಥ ಹಾಸುಗಳು ಭಿಕ್ಷುಗಳಿಗೆ ನಿಷಿದ್ಧವಾದವು. ಗೃಹಸ್ಥರಿಗೆ ನಿಷಿದ್ಧವಾದ ವ್ಯಾಪಾರಗಳನ್ನು ಅಂಗುತ್ತರನಿಕಾಯವು ಐದೆಂದು ಎಣಿಸುತ್ತದೆ: ಶಸ್ತ್ರ, ಪ್ರಾಣಿ, ಮಾಂಸ, ಮದ್ಯ, ವಿಷ. ರೇಷ್ಮೆಯ ಹೆಸರು ಅದರಲ್ಲಿಲ್ಲ. ಆಳವಿಯ ಕೆಲಸಗಾರರಿಗೆ ಯಾವ ನಿಯಮವನ್ನೂ ವಿಧಿಸಿದುದು ಗ್ರಂಥದಲ್ಲಿ ಕಾಣುವುದಿಲ್ಲ. ಭಿಕ್ಷುಗಳು ಅವರ ಬಾಗಿಲಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆಯೂ ಅವರ ಒಲೆಯ ಮೇಲಿನ ಹಂಡೆಯು ಕುದಿಯುತ್ತಲೇ ಇದ್ದಿರಬೇಕು.