ಕಂಪನಿಗೆ ಸೇರದ ಹಾಡುಗಳು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ 1992ರಲ್ಲಿ ಸಾಲದಲ್ಲಿ ಮುಳುಗಿತ್ತು. ಅದನ್ನು ಕೊಳ್ಳಲು ಮುಂದೆ ಬಂದವರು ಲಂಡನ್ ರೆಕಾರ್ಡ್ಸ್‌ನವರು. ಮಾತುಕತೆ ನಡೆಯುತ್ತಿದ್ದಾಗ ಹಳೆಯ ಕಾಗದವೊಂದು ಹೊರಬಿತ್ತು. ಸಂಗೀತಗಾರರ ಹಾಡುಗಳೆಲ್ಲ ಸಂಗೀತಗಾರರವೇ, ಕಂಪನಿಗೆ ಅವುಗಳ ಮೇಲೆ ಯಾವ ಹಕ್ಕೂ ಇಲ್ಲ ಎಂಬುದು ಅದರ ಸಾರಾಂಶ. ಕೊಳ್ಳಲು ಬಂದವರಿಗೆ ಕೊಳ್ಳುವಂಥದ್ದೇನೂ ಅಲ್ಲಿ ಉಳಿದಿರಲಿಲ್ಲ!

ಈ ವಿಚಿತ್ರ ಕರಾರಿನ ನೆರಳಿನಲ್ಲಿ ಹುಟ್ಟಿದ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’. ತಂಡದ ಹೆಸರು ಜಾಯ್ ಡಿವಿಷನ್. ‘ಇಂಡಿ ರಾಕ್’ ಎಂದು ಇಂದು ಕರೆಯುವ ಸಂಗೀತದ ಚರಿತ್ರೆ ಹೇಳುವವರು ಈ ಆಲ್ಬಂ ಅನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ‘ಇಂಡಿ’ ಎಂಬುದು ‘ಇಂಡಿಪೆಂಡೆಂಟ್’ ಪದದ ಮೊಟಕು ರೂಪ. ಅದು ಮೊದಲಿಗೆ ರಾಗದ ಹೆಸರಾಗಿರಲಿಲ್ಲ, ವ್ಯವಹಾರದ ಹೆಸರಾಗಿತ್ತು. ದೊಡ್ಡ ಕಂಪನಿಗಳು ತಂಡಕ್ಕೆ ಮುಂಗಡ ಹಣ ಕೊಡುತ್ತಿದ್ದವು. ಸಾಮಾನ್ಯವಾಗಿ ಅದಕ್ಕೆ ಪ್ರತಿಯಾಗಿ ಧ್ವನಿಮುದ್ರಣದ ಒಡೆತನ ಕಂಪನಿಯದಾಗುತ್ತಿತ್ತು. ಅವುಗಳ ಹಂಗಿಲ್ಲದೆ ರೆಕಾರ್ಡ್ ಹೊರತರುವ ಸಣ್ಣ ಸಂಸ್ಥೆಗಳೇ ಇಂಡಿ.

1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಕಛೇರಿ ನಡೆಯಿತು. ಸೇರಿದ್ದ ಜನ ಕಡಿಮೆ. ಅವರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಇಬ್ಬರು ಶಾಲಾ ಗೆಳೆಯರಿದ್ದರು. ಇವರು ನುಡಿಸಬಹುದಾದರೆ ನಾವೇಕೆ ನುಡಿಸಬಾರದು ಎನಿಸಿತು. ಮರುದಿನವೇ ಹುಕ್ ಬೇಸ್ ಗಿಟಾರ್ ಕೊಂಡುಬಂದ. ಹಾಡುಗಾರನಾಗಿ ಇಯಾನ್ ಕರ್ಟಿಸ್, ಡ್ರಮ್ಸ್‌ಗೆ ಸ್ಟೀಫನ್ ಮಾರಿಸ್ ಆಮೇಲೆ ಕೂಡಿಕೊಂಡರು. ಟಿ.ವಿ. ನಿರೂಪಕ ಟೋನಿ ವಿಲ್ಸನ್ ಮತ್ತು ಆತನ ಗೆಳೆಯರು ಫ್ಯಾಕ್ಟರಿ ಕಂಪನಿ ಕಟ್ಟಿದರು. ಖರ್ಚು ಕಳೆದು ಬಂದ ಲಾಭದಲ್ಲಿ ತಂಡಕ್ಕೆ ಅರ್ಧ, ಕಂಪನಿಗೆ ಅರ್ಧ ಎಂದಾಯಿತು. ವಿಲ್ಸನ್ ಆ ಕರಾರಿಗೆ ತನ್ನ ರಕ್ತದಲ್ಲೇ ಸಹಿ ಹಾಕಿದ ಎಂಬ ಕಥೆಯೂ ಇದೆ. ಕಥೆಯ ಮಾತು ಬಿಟ್ಟರೂ ಕರಾರು ನಿಜ.

1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ವಿಚಿತ್ರ ಸ್ವಭಾವದವನು. ಡ್ರಮ್ಸ್‌ನ ಒಂದೊಂದು ಸದ್ದೂ ಬೇರೆ ಬೇರೆಯಾಗಿ ಕೇಳಬೇಕೆಂಬ ಹಟ ಹಿಡಿದು ಮಾರಿಸ್‌ನಿಂದ ಅವುಗಳನ್ನು ಬಿಡಿಬಿಡಿಯಾಗಿ ನುಡಿಸಿದ. ಸ್ಟುಡಿಯೋದ ಲಿಫ್ಟಿನ ಸದ್ದು, ಗಾಜು ಒಡೆಯುವ ಸದ್ದು ಹಾಡುಗಳೊಳಗೆ ಸೇರಿದವು. ಸದ್ದನ್ನು ತಡವಾಗಿ ಮರುಕಳಿಸುವ ಡಿಜಿಟಲ್ ಯಂತ್ರ ಆಗಿನ್ನೂ ಹೊಸದು. ಅದರಿಂದ ಖಾಲಿ ಗೋದಾಮಿನಲ್ಲಿ ನುಡಿಸಿದಂಥ ಟೊಳ್ಳು ಮೊಳಗು ಬಂತು. ತಮಾಷೆಯೆಂದರೆ ಸಮ್ನರ್, ಹುಕ್ ಇಬ್ಬರಿಗೂ ಇದು ಹಿಡಿಸಲಿಲ್ಲ. ವೇದಿಕೆಯ ಮೇಲಿನ ತಮ್ಮ ಅಬ್ಬರವನ್ನೆಲ್ಲ ಹ್ಯಾನೆಟ್ ತಣ್ಣಗಾಗಿಸಿದ ಎಂಬುದು ಅವರ ದೂರು. ಇಂದಿಗೂ ಜನ ಆಲ್ಬಂ ಕೇಳುವುದು ಆ ತಣ್ಣನೆಯ ಗುಣಕ್ಕಾಗಿಯೇ. ಹುಕ್ ಕೂಡ ವರ್ಷಗಳ ಬಳಿಕ ಇದನ್ನು ಒಪ್ಪಿಕೊಂಡ.

ಹೊದಿಕೆಯ ಮೇಲೆ ತಂಡದ ಹೆಸರಿಲ್ಲ, ಚಿತ್ರವಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೆಟ್ಟಸಾಲಿನಂತೆ ಏರಿಳಿಯುವ ಬಿಳಿ ಗೆರೆಗಳು ಮಾತ್ರ. ಅವು 1.337 ಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರ್ ನಕ್ಷತ್ರದ ರೇಡಿಯೋ ಸಂಕೇತಗಳು. ಈ ನಕ್ಷತ್ರವನ್ನು 1967ರಲ್ಲಿ ಮೊದಲು ಗುರುತಿಸಿದವಳು ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್. ನೊಬೆಲ್ ಪ್ರಶಸ್ತಿ ಮಾತ್ರ 1974ರಲ್ಲಿ ಆಕೆಯ ಮಾರ್ಗದರ್ಶಕನ ಪಾಲಾಯಿತು. ಖಗೋಳ ವಿಶ್ವಕೋಶವೊಂದರಲ್ಲಿದ್ದ ಈ ನಕ್ಷೆಯನ್ನು ವಿನ್ಯಾಸಕಾರ ಪೀಟರ್ ಸಾವಿಲ್ ಕಪ್ಪು-ಬಿಳುಪು ತಿರುವುಮುರುವು ಮಾಡಿ ಬಳಸಿದ. ಒಂದು ಹಾಡನ್ನೂ ಕೇಳದವರು ಕೂಡ ಇಂದು ಆ ಗೆರೆಗಳ ಟೀ ಶರ್ಟ್ ತೊಡುತ್ತಾರೆ.

ಹಾಡುಗಳ ನೋವು ಮಾತ್ರ ವಿನ್ಯಾಸದ ಮಾತಲ್ಲ. ಕರ್ಟಿಸ್ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಮೂರ್ಛೆರೋಗದ ಯುವತಿಯೊಬ್ಬಳು ತೀರಿಕೊಂಡಳೆಂದು ತಿಳಿದು ‘ಶೀಸ್ ಲಾಸ್ಟ್ ಕಂಟ್ರೋಲ್’ ಬರೆದ. 1979ರ ಆರಂಭದಲ್ಲಿ ವೈದ್ಯರು ಆತನಿಗೂ ಅದೇ ರೋಗವಿದೆ ಎಂದರು. ಹೀಗಾಗಿ ಆಲ್ಬಂಗಾಗಿ ಆ ಹಾಡನ್ನು ಹಾಡುವ ಹೊತ್ತಿಗೆ ಕರ್ಟಿಸ್ ಸ್ವತಃ ರೋಗಿಯಾಗಿದ್ದ.

1979ರ ಜೂನ್‌ನಲ್ಲಿ ಆಲ್ಬಂ ಬಂತು. ಮೊದಲು ಅಚ್ಚಾದದ್ದು 10,000 ಪ್ರತಿ. ವಿಮರ್ಶಕರು ಹೊಗಳಿದರೂ ದೇಶದ ಮಾರಾಟಪಟ್ಟಿಯಲ್ಲಿ ಹೆಸರು ಕಾಣಲಿಲ್ಲ. 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ. ಆಗ ಆತನಿಗೆ 23 ವರ್ಷ. ಅದೇ ಆಗಸ್ಟ್‌ನಲ್ಲಿ ಆಲ್ಬಂ ಮೊದಲ ಬಾರಿಗೆ ಮಾರಾಟಪಟ್ಟಿ ಸೇರಿತು, 71ನೇ ಸ್ಥಾನದಲ್ಲಿ.

ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದರು. ಅವರು ಗಳಿಸಿದ್ದರಲ್ಲಿ ಬಹುಪಾಲನ್ನು 1982ರಲ್ಲಿ ಶುರುವಾದ ಹಸಿಯೆಂಡಾ ಎಂಬ ನೃತ್ಯ ಕ್ಲಬ್ ನುಂಗಿತು. ಫ್ಯಾಕ್ಟರಿ ಕಂಪನಿಯೂ 1992ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಹಾಡುಗಳು ಮಾತ್ರ ಹರಾಜಿಗೆ ಬರಲಿಲ್ಲ. ಲಂಡನ್ ರೆಕಾರ್ಡ್ಸ್‌ನವರು ಅವುಗಳಿಗಾಗಿ ಸಂಗೀತಗಾರರನ್ನೇ ಕೇಳಬೇಕಾಯಿತು.