ಕೊಪ್ಪಳ ಸೀಮೆಯಲ್ಲಿ ಪ್ರಜಾಧಿಕಾರದ ಉದಯ

ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳ ಅಶೋಕ ಶಾಸನಗಳು, ಶ್ರೇಯಸ್ಸು ಹಿರಿಯರಿಗಷ್ಟೇ ಮೀಸಲಲ್ಲ, ಪ್ರಯತ್ನಶೀಲರಾದ ಕಿರಿಯರಿಗೂ ಲಭ್ಯವೆಂದು ಸಾರುತ್ತವೆ. ರಾಜ್ಯಾಧಿಕಾರದಲ್ಲಿ ಈ ತತ್ತ್ವ ನೆಲೆಗೊಳ್ಳಲು ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಸಂದಿತು. ನಿಜಾಮನ ರಾಜ್ಯದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗ್ ಮನೆತನದ ಜಹಗೀರಾಗಿದ್ದವು. 1858ರಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದನು. ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು.

1952ರ ಚುನಾವಣೆಯಲ್ಲಿ ಜಹಗೀರುದಾರನಿಗೂ ಕೂಲಿಕಾರನಿಗೂ ಒಂದೊಂದೇ ಮತ. ಕಾಂಗ್ರೆಸ್ಸಿನ ಪ್ರಾಬಲ್ಯದ ಆ ಕಾಲದಲ್ಲೂ ಕುಷ್ಟಗಿ ಲೋಕಸಭಾ ಕ್ಷೇತ್ರದ ಜನರು ಪಕ್ಷೇತರರಾದ ಅಳವಂಡಿಯ ಶಿವಮೂರ್ತಿ ಸ್ವಾಮಿಯವರನ್ನು ಆರಿಸಿದರು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದವು.

ಇಷ್ಟು ತಡವಾಗಿ ಕೈಸೇರಿದ ಮತವನ್ನು ಹಣಕ್ಕೆ ಮಾರುವುದು ವ್ಯಾಪಾರವಲ್ಲ, ಮೂಲಧನದ ನಾಶ.